ಅಪ್ಪನ ಪಾಸ್‌ಬುಕ್ಕಿನ 436 ರೂಪಾಯಿ

ತೀರಿಕೊಂಡವರ ಪಾಸ್‌ಬುಕ್ಕಿಗೆ ಎಂಟ್ರಿ ಹಾಕಿಸಿ ತಂದು, ಮೇ ತಿಂಗಳ ಕೊನೆಯ ಸಾಲುಗಳನ್ನು ನೋಡಿ. ಅಲ್ಲಿ 436 ರೂಪಾಯಿ ಕಡಿತವಾಗಿದ್ದರೆ ಆ ಮನೆಗೆ ಎರಡು ಲಕ್ಷ ರೂಪಾಯಿ ಬರಬೇಕಿದೆ ಎಂದರ್ಥ. ಅದು ಪ್ರಧಾನಮಂತ್ರಿ ಜೀವನ್ ಜ್ಯೋತಿ ವಿಮೆಯ ವರ್ಷದ ಕಂತು. ಜೂನ್ 1ರಿಂದ ಮುಂದಿನ ಮೇ 31ರವರೆಗೆ, ವಯಸ್ಸು 55 ದಾಟದವರಿಗೆ, ಸಾವು ಹೇಗೇ ಬಂದಿರಲಿ ಹಣ ಸಿಗುತ್ತದೆ. ಪಕ್ಕದಲ್ಲೇ 20 ರೂಪಾಯಿ ಹೋಗಿದ್ದರೆ ಅದು ಸುರಕ್ಷಾ ಬಿಮಾ. ಅಪಘಾತದಲ್ಲಿ ಹೋದವರ ಮನೆಯವರಿಗೆ ಇನ್ನೆರಡು ಲಕ್ಷ, ಇದು 70 ವರ್ಷದವರೆಗೆ. ಖಾತೆ ತೆರೆದ ದಿನ ಕೌಂಟರಿನವರು ಮುಂದೆ ಹಿಡಿದ ಫಾರಂಗಳಿಗೆ ಸಾಲಾಗಿ ಸಹಿ ಹಾಕಿ ಮನೆಗೆ ಬಂದವರು ಎಷ್ಟೋ ಮಂದಿ. ಹಾಕಿದವರಿಗೇ ನೆನಪಿರದ ಸಹಿ ಹೆಂಡತಿ ಮಕ್ಕಳಿಗೆ ಗೊತ್ತಿರುವುದು ಎಲ್ಲಿಂದ?

ವೈಕುಂಠ ಸಮಾರಾಧನೆ ಮುಗಿದು, ಶಾಮಿಯಾನ ಬಿಚ್ಚಿ, ದೂರದ ನೆಂಟರು ಬಸ್ಸು ಹತ್ತಿದ ಮೇಲೆ ಮನೆಯಲ್ಲಿ ಉಳಿದವರು ಕೇಳಿಕೊಳ್ಳುವ ಪ್ರಶ್ನೆ ಇದು: ಏನೇನು ಬಿಟ್ಟು ಹೋಗಿದ್ದಾರೆ, ಎಲ್ಲೆಲ್ಲಿ? ಇದನ್ನು ಬದುಕಿದ್ದಾಗ ಕೇಳಿದರೆ 'ನಾನು ಸಾಯೋದನ್ನೇ ಕಾಯ್ತಿದೀಯಾ' ಎಂಬ ಉತ್ತರ ಬರುತ್ತಿತ್ತು. ಹಾಗಾಗಿ ಯಾರೂ ಕೇಳಿರುವುದಿಲ್ಲ. ಕೇಳಿದ್ದರೂ ಪೂರ್ತಿ ಹೇಳುತ್ತಿರಲಿಲ್ಲ ಎನ್ನುವುದು ಬೇರೆ ಮಾತು. ನಮ್ಮ ಹಿರಿಯರು ಹಣವನ್ನು ಚೂರು ಚೂರಾಗಿ ಇಡುವುದರಲ್ಲಿ ನಿಪುಣರು. ದಾಯಾದಿಗೆ ಗೊತ್ತಾಗದಂತೆ ಒಂದಿಷ್ಟು, ಮಗಳ ಮದುವೆಗೆಂದು ಒಂದಿಷ್ಟು, ಏಜೆಂಟ್ ಆಗಿದ್ದ ಗೆಳೆಯನ ದಾಕ್ಷಿಣ್ಯಕ್ಕೆ ಒಂದಿಷ್ಟು. ಅಮ್ಮನ ಲೆಕ್ಕ ಅಪ್ಪನದಕ್ಕಿಂತಲೂ ಗುಟ್ಟು: ಸ್ವಸಹಾಯ ಸಂಘದ ಉಳಿತಾಯ, ಅಂಚೆ ಕಚೇರಿಯ ಆರ್‌.ಡಿ., ತವರಿನವರ ಕೈಯಲ್ಲಿ ಕೊಟ್ಟಿಟ್ಟ ನಾಲ್ಕು ಕಾಸು.

ಸತ್ತವರ ಆಸ್ತಿಯ ಪಟ್ಟಿಯನ್ನು ಒಂದೇ ಕಡೆ ಕೊಡುವ ಕಚೇರಿ ಈ ದೇಶದಲ್ಲಿಲ್ಲ. ಠೇವಣಿಗೆ ರಿಸರ್ವ್ ಬ್ಯಾಂಕು, ಷೇರಿಗೆ ಸೆಬಿ, ವಿಮೆಗೆ ಇನ್ನೊಂದು ಪ್ರಾಧಿಕಾರ, ಭವಿಷ್ಯನಿಧಿಗೆ ಮತ್ತೊಂದು, ಜಮೀನಿಗೆ ರಾಜ್ಯದ ಕಂದಾಯ ಇಲಾಖೆ, ಸೈಟಿಗೆ ನಗರಸಭೆ ಅಥವಾ ಪಂಚಾಯಿತಿ. ಪ್ರತಿಯೊಂದೂ ತನ್ನ ಪಾಲಿನದ್ದನ್ನು ಮಾತ್ರ ತೋರಿಸುತ್ತದೆ, ಅದೂ ನೀವು ಸರಿಯಾದ ಪ್ರಶ್ನೆ ಕೇಳಿದರೆ. ಪರಿಣಾಮ ಏನೆಂದರೆ, 2024ರ ಮಾರ್ಚ್ ಅಂತ್ಯಕ್ಕೆ ಯಾರೂ ಕೇಳದೆ ರಿಸರ್ವ್ ಬ್ಯಾಂಕಿನ ನಿಧಿಯಲ್ಲಿ ಬಿದ್ದಿದ್ದ ಬ್ಯಾಂಕ್ ಠೇವಣಿಗಳ ಮೊತ್ತ 78,213 ಕೋಟಿ ರೂಪಾಯಿ. ಇದು ಬರೀ ಬ್ಯಾಂಕಿನ ಲೆಕ್ಕ.

ಈಗ ಎಲ್ಲರ ಬಾಯಲ್ಲೂ ಉದ್ಗಮ್ ಪೋರ್ಟಲಿನ ಹೆಸರಿದೆ. ರಿಸರ್ವ್ ಬ್ಯಾಂಕ್ 2023ರ ಆಗಸ್ಟಿನಲ್ಲಿ ಏಳು ಬ್ಯಾಂಕುಗಳೊಂದಿಗೆ ಇದನ್ನು ಶುರುಮಾಡಿತು, ಮುಂದಿನ ವರ್ಷದ ಹೊತ್ತಿಗೆ 30 ಬ್ಯಾಂಕುಗಳು ಸೇರಿದವು. ಹೆಸರು ಹಾಕಿ, ಜೊತೆಗೆ ಪ್ಯಾನ್, ವೋಟರ್ ಐಡಿ, ಹುಟ್ಟಿದ ದಿನಾಂಕ ಇಂಥದ್ದರಲ್ಲಿ ಒಂದನ್ನು ಕೊಟ್ಟರೆ ಹುಡುಕುತ್ತದೆ. ಒಳ್ಳೆಯ ಕೆಲಸವೇ. ಆದರೆ ಇದನ್ನು ಬಹಳ ಮಂದಿ ತಪ್ಪಾಗಿ ಓದುತ್ತಿದ್ದಾರೆ. ಉದ್ಗಮ್ ತೋರಿಸುವುದು ಹತ್ತು ವರ್ಷ ಯಾರೂ ಮುಟ್ಟದೆ ರಿಸರ್ವ್ ಬ್ಯಾಂಕಿನ ನಿಧಿಗೆ ಹೋದ ಹಣವನ್ನು ಮಾತ್ರ. ಕಳೆದ ವರ್ಷ ತೀರಿಕೊಂಡ ತಂದೆಯ, ಇನ್ನೂ ಚಾಲ್ತಿಯಲ್ಲಿರುವ ಎಫ್‌.ಡಿ. ಅಲ್ಲಿ ಕಾಣುವುದೇ ಇಲ್ಲ. 'ಉದ್ಗಮ್‌ನಲ್ಲಿ ನೋಡಿದ್ವಿ, ಏನೂ ಇಲ್ಲ' ಎಂದು ಕೈ ತೊಳೆದುಕೊಂಡವರು ಹತ್ತು ವರ್ಷ ಮುಂಚಿತವಾಗಿ ನೋಡಿದ್ದಾರೆ, ಅಷ್ಟೆ.

ಹೆಸರಿನದ್ದೂ ಒಂದು ಫಜೀತಿ. ನಮ್ಮ ಹೆಸರುಗಳಲ್ಲಿ ಇನಿಷಿಯಲ್ ಒಂದು ದಾಖಲೆಯಲ್ಲಿ ಮುಂದೆ, ಇನ್ನೊಂದರಲ್ಲಿ ಹಿಂದೆ, ಮೂರನೆಯದರಲ್ಲಿ ಬಿಡಿಸಿ ಊರಿನ ಹೆಸರು. ಭಟ್ ಒಂದು ಕಡೆ ಭಟ್ಟ, ಗೌಡರು ಒಂದು ಕಡೆ ಬರೀ ಗೌಡ. ಲಕ್ಷ್ಮಮ್ಮನ ಹೆಸರನ್ನು ಇಂಗ್ಲಿಷಿನಲ್ಲಿ ಎಷ್ಟು ರೀತಿ ಬರೆಯಬಹುದೋ ಅಷ್ಟೂ ರೀತಿ ಬ್ಯಾಂಕಿನವರು ಬರೆದಿದ್ದಾರೆ. ಒಂದು ಸಲ ಹುಡುಕಿ ನಿಲ್ಲಿಸಬೇಡಿ. ಸಾಧ್ಯವಿರುವ ಅಷ್ಟೂ ರೂಪಗಳಲ್ಲಿ ಹುಡುಕಿ.

ನನ್ನ ಅಭಿಪ್ರಾಯದಲ್ಲಿ ಪೋರ್ಟಲುಗಳು ಎರಡನೆಯ ಸಾಲಿನವು. ಮೊದಲ ಸಾಲಿನದು ಪಾಸ್‌ಬುಕ್. ಗೊತ್ತಿರುವ ಒಂದು ಖಾತೆಯ ಕೊನೆಯ ಮೂರು ವರ್ಷದ ಸ್ಟೇಟ್‌ಮೆಂಟ್ ತೆಗೆಸಿ, ಪೆನ್ಸಿಲ್ ಹಿಡಿದು ಕುಳಿತುಕೊಳ್ಳಿ. ದೊಡ್ಡ ಮೊತ್ತಗಳನ್ನು ನೋಡಬೇಡಿ, ಅವು ಮನೆಯವರಿಗೆ ಗೊತ್ತಿರುತ್ತವೆ. ಚಿಕ್ಕ ಮೊತ್ತ ನೋಡಿ, ಅದರಲ್ಲೂ ವರ್ಷಕ್ಕೊಮ್ಮೆ ಬಂದು ಹೋಗುವ ಮೊತ್ತ. ಜಿ.ಎಸ್.ಟಿ. ಸೇರಿ ಬಂದ ಒಂದೂವರೆ ಎರಡು ಸಾವಿರದ ಕಡಿತ ಲಾಕರ್ ಬಾಡಿಗೆಯಾಗಿರಬಹುದು. ಎಸಿಎಚ್ ಎಂದು ಜಮೆಯಾದ ಮುನ್ನೂರು ರೂಪಾಯಿ ಯಾವುದೋ ಕಂಪನಿಯ ಡಿವಿಡೆಂಡು. ಆ ಮುನ್ನೂರರ ಹಿಂದೆ ಲಕ್ಷದ ಷೇರಿರಬಹುದು. ಮೂರು ತಿಂಗಳಿಗೊಮ್ಮೆ ಒಂದೇ ಮೊತ್ತ ಬೇರೆ ಬ್ಯಾಂಕಿನಿಂದ ಬರುತ್ತಿದ್ದರೆ ಅಲ್ಲೊಂದು ಠೇವಣಿಯಿದೆ. ಡಿಮ್ಯಾಟ್ ಖಾತೆಯ ವಾರ್ಷಿಕ ಶುಲ್ಕ, ಎಲ್‌ಐಸಿ ಕಂತು, ಯಾವುದೋ ಸಂಘಕ್ಕೆ ಬರೆದ ಚೆಕ್ಕು, ಎಲ್ಲವೂ ಅಲ್ಲಿ ಸಾಲು ಬಿಡದೆ ಕುಳಿತಿರುತ್ತವೆ. ಇಂಥವು ವರ್ಷಕ್ಕೊಮ್ಮೆ ಬರುವುದರಿಂದಲೇ ಹೇಳುತ್ತೇನೆ, ಹುಡುಕಾಟವನ್ನು ಒಂದು ಪೂರ್ತಿ ವರ್ಷ ಜೀವಂತ ಇಡಬೇಕು. ಮೂರು ತಿಂಗಳಲ್ಲಿ ಮುಗಿಸಿದವರು ಒಂಬತ್ತು ತಿಂಗಳ ಸುಳಿವು ಬಿಟ್ಟಿರುತ್ತಾರೆ.

ಆ ಒಂದು ವರ್ಷ ಅವರ ಮೊಬೈಲ್ ನಂಬರನ್ನೂ ಸಾಯಲು ಬಿಡಬೇಡಿ. ರೀಚಾರ್ಜ್ ಮಾಡಿಸುತ್ತಿರಿ. ಕಂತು ಬಾಕಿ, ಠೇವಣಿ ಮಾಗಿತು, ಬಡ್ಡಿ ಜಮೆಯಾಯಿತು ಎಂಬ ಸಂದೇಶಗಳು ಬರುವುದು ಅದಕ್ಕೇ. ಆದರೆ ಆ ನಂಬರಿಗೆ ಬಂದ ಒಟಿಪಿ ಬಳಸಿ ಹಣ ತೆಗೆಯುವುದು, ಅಪ್ಪನ ಎಟಿಎಂ ಕಾರ್ಡು ಉಜ್ಜುವುದು ನಮ್ಮಲ್ಲಿ ಮನೆಮನೆಯ ಮಾತಾಗಿಬಿಟ್ಟಿದೆ. ತಿಥಿಯ ಖರ್ಚಿಗೆ ಎಂದು ಸಮಾಧಾನ ಹೇಳಿಕೊಳ್ಳುತ್ತಾರೆ. ಅದು ಆಗಲೇ ವಾರಸುದಾರರೆಲ್ಲರ ಹಣ. ನಾಳೆ ತಂಗಿಯೋ ತಮ್ಮನೋ ಸ್ಟೇಟ್‌ಮೆಂಟ್ ತೆಗೆಸಿದಾಗ ಸಾವಿನ ತಾರೀಖಿನ ನಂತರದ ಒಂದೊಂದು ಸಾಲಿಗೂ ಲೆಕ್ಕ ಕೊಡಬೇಕಾಗುತ್ತದೆ. ತೀರಿಕೊಂಡ ಮೇಲೂ ಜಮೆಯಾದ ಪಿಂಚಣಿಯಂತೂ ವಾಪಸು ಕೊಡಲೇಬೇಕಾದ ಹಣ.

ಕಪಾಟಿನಲ್ಲಿ ಸಿಗುವ ಹಳೆಯ ಪಾಸ್‌ಬುಕ್ಕುಗಳ ಮೇಲಿನ ಬ್ಯಾಂಕುಗಳ ಹೆಸರೇ ಈಗ ಇಲ್ಲ. ಕರ್ನಾಟಕದವರಿಗೆ ಈ ಕಷ್ಟ ಉಳಿದವರಿಗಿಂತ ಹೆಚ್ಚು, ಏಕೆಂದರೆ ನಾವು ಬ್ಯಾಂಕುಗಳನ್ನು ಹುಟ್ಟಿಸಿದವರು. 1913ರ ಸ್ಟೇಟ್ ಬ್ಯಾಂಕ್ ಆಫ್ ಮೈಸೂರು 2017ರ ಏಪ್ರಿಲ್ 1ರಂದು ಎಸ್‌ಬಿಐ ಆಯಿತು. ಮಂಗಳೂರಿನ ವಿಜಯಾ ಬ್ಯಾಂಕು 2019ರಲ್ಲಿ ಬ್ಯಾಂಕ್ ಆಫ್ ಬರೋಡಾದೊಳಗೆ ಹೋಯಿತು. ಮರುವರ್ಷ ಉಡುಪಿಯ ಎರಡೂ ಹೋದವು: ಸಿಂಡಿಕೇಟ್ ಕೆನರಾದೊಳಗೆ, ಕಾರ್ಪೊರೇಷನ್ ಬ್ಯಾಂಕು ಯೂನಿಯನ್ ಬ್ಯಾಂಕಿನೊಳಗೆ. ಬೆಂಗಳೂರಿನ ವೈಶ್ಯ ಬ್ಯಾಂಕು ಐಎನ್‌ಜಿ ವೈಶ್ಯವಾಗಿ, 2015ರಲ್ಲಿ ಕೋಟಕ್ ಮಹೀಂದ್ರ ಸೇರಿತು. ಹಳ್ಳಿಯವರ ಗ್ರಾಮೀಣ ಬ್ಯಾಂಕುಗಳ ಕತೆ ಇನ್ನೂ ಉದ್ದ. ಕಾವೇರಿ, ಪ್ರಗತಿ ಕೃಷ್ಣ ಸೇರಿ 2019ರಲ್ಲಿ ಒಂದಾದವು. 2025ರ ಮೇ 1ರಂದು ಧಾರವಾಡದ ವಿಕಾಸ ಗ್ರಾಮೀಣ ಬ್ಯಾಂಕೂ ಕೂಡಿಕೊಂಡು, ಬಳ್ಳಾರಿಯಲ್ಲಿ ಕೇಂದ್ರ ಕಚೇರಿ ಇರುವ ಕರ್ನಾಟಕ ಗ್ರಾಮೀಣ ಬ್ಯಾಂಕು ಎಂಬ ಒಂದೇ ಬ್ಯಾಂಕು ಉಳಿಯಿತು. ಬ್ಯಾಂಕು ಮುಚ್ಚಿತು ಎಂದು ಪಾಸ್‌ಬುಕ್ಕನ್ನು ರದ್ದಿಗೆ ಹಾಕಬೇಡಿ. ಹೆಸರು ಹೋಗಿದೆ, ಹೊಣೆ ಹೊಸ ಬ್ಯಾಂಕಿನ ಮೇಲಿದೆ. ಹಳೆಯ ಖಾತೆ ಸಂಖ್ಯೆ ಹಿಡಿದುಕೊಂಡು ಹೋದರೆ ಹೊಸ ಸಂಖ್ಯೆ ಹುಡುಕಿಕೊಡುವುದು ಅವರ ಕೆಲಸ.

ಇದೇ ಬ್ಯಾಂಕುಗಳ ಷೇರುಗಳನ್ನು ಊರಿನ ಶ್ಯಾನುಭೋಗರಿಂದ ಹಿಡಿದು ಹೋಟೆಲಿನವರವರೆಗೆ ಅಭಿಮಾನಕ್ಕೆಂದು ಕೊಂಡಿದ್ದರು. ಆ ಸರ್ಟಿಫಿಕೇಟುಗಳಿಗೂ ಬೆಲೆಯಿದೆ. ಹತ್ತು ಸ್ಟೇಟ್ ಬ್ಯಾಂಕ್ ಆಫ್ ಮೈಸೂರು ಷೇರಿಗೆ ಎಸ್‌ಬಿಐನ 22, ಸಾವಿರ ವಿಜಯಾ ಷೇರಿಗೆ ಬರೋಡಾದ 402, ಸಾವಿರ ಸಿಂಡಿಕೇಟಿಗೆ ಕೆನರಾದ 158, ಸಾವಿರ ಕಾರ್ಪೊರೇಷನ್‌ಗೆ ಯೂನಿಯನ್ ಬ್ಯಾಂಕಿನ 330 ಎಂದು ವಿನಿಮಯವಾಗಿದೆ. ಕಂಪನಿಗಳದ್ದೂ ಹೀಗೇ. ಬೆಂಗಳೂರಿನ ಹಳೆಯ ಮನೆಯ ಟ್ರಂಕಿನಲ್ಲಿ ಮೈಕೋ ಕಂಪನಿಯ ಷೇರು ಸಿಕ್ಕರೆ ಅದು ಇಂದಿನ ಬಾಷ್. ಒಂದೊಂದು ಷೇರಿಗೂ ಹಲವು ಸಾವಿರ ರೂಪಾಯಿ. ಮೈಸೂರು ಸಿಮೆಂಟ್ಸ್ ಈಗ ಹೈಡಲ್‌ಬರ್ಗ್ ಸಿಮೆಂಟ್. ಬಣ್ಣ ಮಾಸಿದ ಸರ್ಟಿಫಿಕೇಟಿನ ಮೇಲಿನ ಕಂಪನಿ ಹೆಸರು ಕೇಳಿರದಿದ್ದರೆ ಎಸೆಯುವ ಮುಂಚೆ, ಅದರ ಈಗಿನ ಹೆಸರೇನು ಎಂದು ಒಮ್ಮೆ ವಿಚಾರಿಸಿ.

ಕಾಗದದ ಷೇರನ್ನು 2019ರ ಏಪ್ರಿಲಿನಿಂದ ಮಾರಲಾಗದು, ಆದರೆ ವಾರಸುದಾರರ ಹೆಸರಿಗೆ ವರ್ಗಾಯಿಸಿಕೊಳ್ಳಲು ಅಡ್ಡಿಯಿಲ್ಲ. ಆಮೇಲೆ ಅದು ಡಿಮ್ಯಾಟ್ ಆಗಬೇಕು. ಏಳು ವರ್ಷ ಸತತವಾಗಿ ಡಿವಿಡೆಂಡ್ ಪಡೆಯದಿದ್ದರೆ ಡಿವಿಡೆಂಡಷ್ಟೇ ಅಲ್ಲ, ಷೇರೇ ಕೇಂದ್ರ ಸರ್ಕಾರದ ಹೂಡಿಕೆದಾರರ ರಕ್ಷಣಾ ನಿಧಿಗೆ ಹೋಗುತ್ತದೆ. ಐಇಪಿಎಫ್ ಎಂಬ ಈ ನಿಧಿಯ ಜಾಲತಾಣದಲ್ಲಿ ಹೆಸರಿನಿಂದ ಹುಡುಕಬಹುದು. ಸಿಕ್ಕರೆ ಮೊದಲು ಕಂಪನಿಯಲ್ಲಿ ವಾರಸುದಾರಿಕೆ ಸಾಬೀತುಮಾಡಿ, ಆಮೇಲೆ ಐಇಪಿಎಫ್-5 ಅರ್ಜಿ. ನಿಧಾನದ ಕೆಲಸ, ತಾಳ್ಮೆ ಬೇಕು. ಮ್ಯೂಚುವಲ್ ಫಂಡಿಗೆ 2025ರಲ್ಲಿ ಮಿತ್ರ ಎಂಬ ಹುಡುಕು ತಾಣ ಬಂದಿದೆ. ಡಿಮ್ಯಾಟ್ ಖಾತೆ ಇದ್ದವರಿಗೆ ಅವರ ಪ್ಯಾನ್ ಅಡಿಯ ಎಲ್ಲ ಷೇರು ಮತ್ತು ಫಂಡುಗಳ ಒಟ್ಟು ಪಟ್ಟಿ ಇಮೇಲಿಗೆ ಬರುತ್ತಿರುತ್ತದೆ. ಅಪ್ಪನ ಇಮೇಲ್ ತೆರೆಯಲು ಆಗುವಂತಿದ್ದರೆ ಮೊದಲು ಹುಡುಕಬೇಕಾದದ್ದು ಅದನ್ನೇ.

ಪಾಸ್‌ಬುಕ್ಕಿನ ನಂತರ ನಾನು ಅತಿ ಹೆಚ್ಚು ನಂಬುವುದು ಆದಾಯ ತೆರಿಗೆಯ ದಾಖಲೆಯನ್ನು. ನಮ್ಮ ಹಿರಿಯರು ಹೆಂಡತಿಗೆ ಹೇಳದ್ದನ್ನು ಬ್ಯಾಂಕು ತೆರಿಗೆ ಇಲಾಖೆಗೆ ಹೇಳಿರುತ್ತದೆ. ಫಾರಂ 26ಎಎಸ್ ನೋಡಿದರೆ ಯಾವ ಬ್ಯಾಂಕು ಬಡ್ಡಿಯ ಮೇಲೆ ತೆರಿಗೆ ಹಿಡಿದಿದೆ ಎಂಬುದು ಬ್ಯಾಂಕಿನ ಹೆಸರಿನ ಸಮೇತ ಸಿಗುತ್ತದೆ. ತೆರಿಗೆ ಹಿಡಿಯಬೇಡಿ ಎಂದು 15ಎಚ್ ಬರೆದುಕೊಟ್ಟಿದ್ದರೂ ಅದಕ್ಕೆ ಬೇರೆ ಭಾಗವಿದೆ. 2021ರಿಂದ ಬಂದಿರುವ ವಾರ್ಷಿಕ ಮಾಹಿತಿ ಪಟ್ಟಿ, ಅಂದರೆ ಎಐಎಸ್, ಇನ್ನೂ ವಿವರವಾದದ್ದು: ಉಳಿತಾಯ ಖಾತೆಯ ಬಡ್ಡಿ, ಡಿವಿಡೆಂಡು, ಷೇರು ವಹಿವಾಟು, ದೊಡ್ಡ ಆಸ್ತಿ ಖರೀದಿ ಎಲ್ಲ ಅಲ್ಲಿರುತ್ತವೆ. ಕಾನೂನುಬದ್ಧ ವಾರಸುದಾರರಾಗಿ ತೆರಿಗೆ ಪೋರ್ಟಲಿನಲ್ಲಿ ನೋಂದಾಯಿಸಿಕೊಂಡರೆ ಇದನ್ನೆಲ್ಲ ತೆರೆಯಬಹುದು. ತೀರಿಕೊಂಡ ವರ್ಷದ ಆದಾಯಕ್ಕೆ ರಿಟರ್ನ್ ಸಲ್ಲಿಸುವ ಹೊಣೆಯೂ ಹೇಗೂ ವಾರಸುದಾರರದ್ದೇ, ಆದ್ದರಿಂದ ಈ ನೋಂದಣಿ ವ್ಯರ್ಥವಲ್ಲ. ಅವರಿಗೊಬ್ಬ ಆಡಿಟರ್ ಇದ್ದರೆ ಅವರ ಬಳಿ ಹತ್ತು ವರ್ಷದ ಕಡತವೇ ಇರಬಹುದು; ಒಂದು ಕಾಫಿ ಕುಡಿಸಿ ಮಾತಾಡಿಸಿ.

ಇವ್ಯಾವುದರಲ್ಲೂ ಕಾಣದ ಒಂದು ಲೋಕವಿದೆ, ನಮ್ಮ ಜಿಲ್ಲೆಗಳಲ್ಲಿ ಅದೇ ದೊಡ್ಡದು: ಸಹಕಾರ ಸಂಘಗಳು. ಪತ್ತಿನ ಸಹಕಾರ ಸಂಘ, ಸೌಹಾರ್ದ ಸಹಕಾರಿ, ನೌಕರರ ಸಂಘ, ಊರಿನ ವ್ಯವಸಾಯ ಸೇವಾ ಸಹಕಾರ ಸಂಘ, ಹಾಲಿನ ಡೇರಿ ಇವು ಯಾವುವೂ ಬ್ಯಾಂಕುಗಳಲ್ಲ, ಹಾಗಾಗಿ ಉದ್ಗಮ್‌ನಲ್ಲಿ ಇವಿಲ್ಲ. ಅಡಿಕೆ ಬೆಳೆಗಾರರ ಮನೆಯಾದರೆ ಶಿರಸಿಯ ಟಿಎಸ್‌ಎಸ್, ಶಿವಮೊಗ್ಗದ ಮಾಮ್ಕೋಸ್, ಮಂಗಳೂರಿನ ಕ್ಯಾಂಪ್ಕೊ ಇಂಥ ಕಡೆ ಷೇರು ಹಣ, ಅಡಿಕೆ ಮಾರಿದ ಬಾಕಿ, ಠೇವಣಿ ಇದ್ದೀತು. ಪಿಗ್ಮಿ ಇನ್ನೊಂದು. 1928ರಲ್ಲಿ ಸಿಂಡಿಕೇಟ್ ಬ್ಯಾಂಕು ಎರಡಾಣೆಯಿಂದ ಶುರುಮಾಡಿದ ಈ ಪದ್ಧತಿಯನ್ನು ಇಂದು ಪ್ರತಿ ಪೇಟೆಯ ಸೊಸೈಟಿಯೂ ನಡೆಸುತ್ತದೆ. ಅಂಗಡಿ ಇಟ್ಟುಕೊಂಡಿದ್ದವರ ಬಳಿ ದಿನವೂ ಬರುತ್ತಿದ್ದ ಪಿಗ್ಮಿ ಕಲೆಕ್ಟರಿಗೆ ಆ ಮನೆಯ ಲೆಕ್ಕ ಮಗನಿಗಿಂತ ಚೆನ್ನಾಗಿ ಗೊತ್ತಿರುತ್ತದೆ. ಪಿಗ್ಮಿಯವರು, ಎಲ್‌ಐಸಿ ಏಜೆಂಟರು, ಅಂಚೆ ಪೇದೆ, ಈ ಮೂವರನ್ನು ಹನ್ನೆರಡನೆಯ ದಿನಕ್ಕೆ ಊಟಕ್ಕೆ ಕರೆಯುವುದು ಬರೀ ಸೌಜನ್ಯವಲ್ಲ, ಜಾಣತನವೂ ಹೌದು.

ಸಂಘಗಳ ಸುಳಿವು ಸಿಗುವುದು ಸೆಪ್ಟೆಂಬರ್ ಸುಮಾರಿಗೆ. ವಾರ್ಷಿಕ ಮಹಾಸಭೆಯ ನೋಟಿಸು ಅಂಚೆಯಲ್ಲಿ ಬರುತ್ತದೆ, ಸದಸ್ಯ ಸಂಖ್ಯೆಯೊಂದಿಗೆ. 'ಅಪ್ಪ ಇಲ್ಲವಲ್ಲ, ಇನ್ಯಾಕೆ ಇದು' ಎಂದು ಅದನ್ನು ಕಸಕ್ಕೆ ಹಾಕಿದರೆ ಹೋಯಿತು.

ವಿಮೆಯ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಎಲ್‌ಐಸಿಯೂ ಖಾಸಗಿ ಕಂಪನಿಗಳೂ ತಮ್ಮ ಜಾಲತಾಣದಲ್ಲಿ ಕೇಳದೆ ಉಳಿದ ಹಣದ ಹುಡುಕಾಟ ಇಟ್ಟಿವೆ. ಮರೆಯುವುದು ಇತರ ವಿಮೆಗಳನ್ನು. ರಾಜ್ಯ ಸರ್ಕಾರಿ ನೌಕರರಾಗಿದ್ದರೆ ಕೆಜಿಐಡಿ, ಅಂಚೆಯಲ್ಲಿ ಮಾಡಿಸಿದ ಪಿಎಲ್‌ಐ, ಗೃಹಸಾಲದ ಜೊತೆ ಬ್ಯಾಂಕೇ ಕಟ್ಟಿಸಿದ ವಿಮೆ. ಕೊನೆಯದನ್ನು ವಿಚಾರಿಸದೆ ಸಾಲದ ಕಂತು ಕಟ್ಟುತ್ತ ಹೋದ ಮನೆಗಳಿವೆ, ಸಾಲವೇ ವಿಮೆಯಿಂದ ತೀರಬೇಕಿತ್ತು. ಖಾಸಗಿ ನೌಕರಿಯಲ್ಲಿರುವಾಗಲೇ ತೀರಿಕೊಂಡರೆ ಪಿ.ಎಫ್. ಜೊತೆಗೆ ಇಡಿಎಲ್‌ಐ ಎಂಬ ವಿಮೆಯಿದೆ, ಗರಿಷ್ಠ ಏಳು ಲಕ್ಷ ರೂಪಾಯಿ. ಇದಕ್ಕೆ ನೌಕರನ ಸಂಬಳದಿಂದ ಒಂದು ಪೈಸೆಯೂ ಕಡಿತವಾಗುವುದಿಲ್ಲ, ಮಾಲೀಕರೇ ಕಟ್ಟುತ್ತಾರೆ. ಆದ್ದರಿಂದಲೇ ಸಂಬಳದ ಚೀಟಿಯಲ್ಲಿ ಕಾಣದೆ ಮನೆಯವರಿಗೆ ಗೊತ್ತಾಗದೆ ಹೋಗುತ್ತದೆ.

ಜಮೀನು ಯಾರಿಗೂ ಮರೆಯುವುದಿಲ್ಲ ಎಂದುಕೊಳ್ಳುತ್ತೇವೆ. ಮನೆಯ ಮುಂದಿನ ಜಮೀನು ಮರೆಯುವುದಿಲ್ಲ. ಮೂರು ಮೈಲಿ ಆಚೆಯ ಬಗರ್‌ಹುಕುಂ ತುಂಡು, ಅಜ್ಜಿಯ ತವರಿನಿಂದ ಬಂದ ಇಪ್ಪತ್ತು ಗುಂಟೆ ಮರೆಯುತ್ತವೆ. ಭೂಮಿ ತಂತ್ರಾಂಶದಲ್ಲಿ ಜಿಲ್ಲೆ, ತಾಲೂಕು, ಹೋಬಳಿ, ಗ್ರಾಮ ಆರಿಸಿಕೊಂಡು ಮಾಲೀಕರ ಹೆಸರಿನಿಂದ ಪಹಣಿ ಹುಡುಕಲು ಬರುತ್ತದೆ. ಸತ್ತವರ ಹೆಸರಷ್ಟೇ ಹಾಕಿದರೆ ಸಾಲದು. ಅಜ್ಜನ, ಮುತ್ತಜ್ಜನ ಹೆಸರನ್ನೂ ಹಾಕಿ, 'ಬಿನ್', 'ಕೋಂ' ಜೊತೆಗಿರುವ ಹೆಸರುಗಳನ್ನು ನಿಧಾನವಾಗಿ ಓದಿ. ಪೌತಿ ಖಾತೆ ಮಾಡಿಸದೆ ಎರಡು ತಲೆಮಾರು ಹಾಗೇ ಉಳಿದ ಪಹಣಿಗಳು ಲೆಕ್ಕವಿಲ್ಲದಷ್ಟಿವೆ. ಬೆಳೆ ಪರಿಹಾರಕ್ಕೆಂದು ರೈತರ ನೋಂದಣಿ ತಂತ್ರಾಂಶ ಫ್ರೂಟ್ಸ್‌ನಲ್ಲಿ ನೋಂದಾಯಿಸಿದ್ದರೆ ಅವರ ಸರ್ವೆ ನಂಬರುಗಳು ಅಲ್ಲಿ ಒಟ್ಟಾಗಿ ಸಿಗುತ್ತವೆ.

ನಿವೇಶನದ ಕತೆಯೇ ಬೇರೆ. ಎಂಬತ್ತು, ತೊಂಬತ್ತರ ದಶಕದಲ್ಲಿ ಗೃಹ ನಿರ್ಮಾಣ ಸಹಕಾರ ಸಂಘಗಳಿಗೆ ಕಂತು ಕಟ್ಟಿದವರು ಸಾವಿರಾರು. ಸೈಟು ಸಿಕ್ಕಿತೋ ಇಲ್ಲವೋ, ರಸೀದಿಗಳಂತೂ ಇರುತ್ತವೆ. ಬೆಂಗಳೂರಿನ ಬಿಡಿಎ ಸೈಟುಗಳನ್ನು ಹತ್ತು ವರ್ಷದ ಗುತ್ತಿಗೆ-ಮಾರಾಟ ಕರಾರಿನ ಮೇಲೆ ಕೊಡುತ್ತಿದ್ದರು; ಹತ್ತು ವರ್ಷ ಮುಗಿದರೂ ಶುದ್ಧ ಕ್ರಯಪತ್ರ ಮಾಡಿಸಿಕೊಳ್ಳದವರು ಇದ್ದಾರೆ, ಅವರ ಮಕ್ಕಳು ಈಗ ಮಾಡಿಸಿಕೊಳ್ಳಬೇಕು. ಎಲ್ಲಿ ಸೈಟಿದೆ ಎಂದೇ ಗೊತ್ತಿಲ್ಲದಿದ್ದರೆ ಕಂದಾಯ ಕಟ್ಟಿದ ರಸೀದಿ, ಬೆಸ್ಕಾಂ ಅಥವಾ ಸೆಸ್ಕ್‌ ಬಿಲ್ಲಿನ ಆರ್.ಆರ್. ನಂಬರು ದಾರಿ ತೋರಿಸುತ್ತವೆ. ಉಪನೋಂದಣಿ ಕಚೇರಿಗಳಲ್ಲಿ ಆಸ್ತಿಯ ಸೂಚಿಯ ಜೊತೆ ಹೆಸರಿನ ಸೂಚಿಯನ್ನೂ ಇಡಬೇಕೆಂದು 1908ರ ನೋಂದಣಿ ಕಾಯ್ದೆಯೇ ಹೇಳುತ್ತದೆ. ಶುಲ್ಕ ಕಟ್ಟಿ ಹುಡುಕಿಸಬಹುದು. 2004ರಿಂದೀಚಿನದ್ದಾದರೆ ನೋಂದಣಿ ಇಲಾಖೆಯ ಕಾವೇರಿ ತಾಣದಲ್ಲಿ ಮನೆಯಲ್ಲೇ ಕುಳಿತು ಋಣಭಾರ ಪತ್ರ ತೆಗೆಯಬಹುದು.

ಇನ್ನು ಅಡವಿಟ್ಟ ಚಿನ್ನ. ಇದರ ಬಗ್ಗೆ ಯಾರೂ ಬರೆಯುವುದಿಲ್ಲ, ಆದರೆ ಮಧ್ಯಮವರ್ಗದ ಮನೆಯಲ್ಲಿ ಅತಿ ಹೆಚ್ಚು ಕಳೆದುಹೋಗುವುದು ಇದೇ. ಗಂಡ ಹೆಂಡತಿಯ ಬಳೆ ಒಯ್ದು ಅಡವಿಟ್ಟಿರುತ್ತಾನೆ, ಲಾಕರಿನಲ್ಲಿದೆ ಎಂದಿರುತ್ತಾನೆ. ಸಾಲ ಕಟ್ಟದಿದ್ದರೆ ಹರಾಜಿನ ನೋಟಿಸು ಬರುವುದು ಅವನದ್ದೇ ವಿಳಾಸಕ್ಕೆ, ಅವನದ್ದೇ ಫೋನಿಗೆ. ಪರ್ಸು, ಗಾಡಿಯ ಸೀಟಿನ ಕೆಳಗಿನ ಡಬ್ಬಿ, ದೇವರ ಮನೆಯ ಫೋಟೋ ಹಿಂದೆ, ಪಂಚಾಂಗದ ಪುಟಗಳ ನಡುವೆ ಚಿಕ್ಕ ಅಡವು ಚೀಟಿ ಸಿಕ್ಕೀತು. ಚಿನ್ನದ ಬೆಲೆ ಈಗಿರುವಂತೆ ಸಾಲ ತೀರಿಸಿ ಬಿಡಿಸಿಕೊಂಡರೂ ಲಾಭವೇ. ಮನೆ ಭೋಗ್ಯಕ್ಕೆ ಹಾಕಿಕೊಂಡಿದ್ದರೆ ಆ ಕರಾರು ಪತ್ರವನ್ನೂ ಹುಡುಕಿ. ಕೊಟ್ಟ ಭೋಗ್ಯದ ಹಣ ವಾಪಸು ಬರಬೇಕಾದ ಆಸ್ತಿ. ಪಡೆದದ್ದಾದರೆ ತೀರಿಸಬೇಕಾದ ಸಾಲ. ಸಾಲದ ಬಗ್ಗೆ ಒಂದು ಧೈರ್ಯದ ಮಾತು: ಅಪ್ಪನ ಸಾಲಕ್ಕೆ ಮಕ್ಕಳ ಹೊಣೆ ಅಪ್ಪನಿಂದ ಬಂದ ಆಸ್ತಿಯ ಮಟ್ಟಿಗೆ ಮಾತ್ರ. ಜಾಮೀನು ಹಾಕದಿದ್ದರೆ ಸ್ವಂತ ಸಂಬಳದಿಂದ ಕಟ್ಟಬೇಕಿಲ್ಲ, ವಸೂಲಿಯವರು ಬಾಗಿಲಲ್ಲಿ ಏನೇ ಹೇಳಲಿ.

ಸಿಕ್ಕಿದ ಮೇಲೆ ಪಡೆಯುವುದು ಹೇಗೆ? ಮರಣ ಪ್ರಮಾಣಪತ್ರದ ಹತ್ತು ಪ್ರತಿಯಾದರೂ ಮಾಡಿಸಿಡಿ, ಅದರಲ್ಲಿನ ಹೆಸರು ಆಧಾರ್‌ನಲ್ಲಿರುವಂತೆಯೇ ಇರಲಿ. ಅಕ್ಷರ ತಪ್ಪಿದರೆ ಪ್ರತಿ ಕೌಂಟರಿನಲ್ಲೂ ಅಫಿಡವಿಟ್. ನಾಡಕಚೇರಿಯಲ್ಲಿ ವಂಶವೃಕ್ಷ ಅಥವಾ ಬದುಕಿರುವ ಕುಟುಂಬ ಸದಸ್ಯರ ದೃಢೀಕರಣಕ್ಕೆ ಅರ್ಜಿ ಹಾಕಿ. ನಾಮಿನಿ ಇದ್ದರೆ ಬ್ಯಾಂಕಿನ ಕೆಲಸ ಸುಲಭ. ಇಲ್ಲದಿದ್ದರೂ ರಿಸರ್ವ್ ಬ್ಯಾಂಕಿನ 2025ರ ನಿರ್ದೇಶನದ ಪ್ರಕಾರ 15 ಲಕ್ಷದವರೆಗೆ, ಸಹಕಾರ ಬ್ಯಾಂಕುಗಳಲ್ಲಿ 5 ಲಕ್ಷದವರೆಗೆ ಕೋರ್ಟಿನ ಪತ್ರ ಕೇಳದೆ ಸರಳ ಕ್ರಮದಲ್ಲಿ ಕೊಡಬೇಕು, ಕಾಗದ ಪೂರ್ತಿ ಕೊಟ್ಟ 15 ದಿನದೊಳಗೆ. ತಡವಾದರೆ ಬಡ್ಡಿ ಸೇರಿಸಿ ಕೊಡಬೇಕು. ಉತ್ತರಾಧಿಕಾರ ಪ್ರಮಾಣಪತ್ರ ತನ್ನಿ ಎಂದು ಎರಡು ಲಕ್ಷಕ್ಕೂ ಕೋರ್ಟಿಗೆ ಅಟ್ಟುವ ಶಾಖೆ ಇದ್ದರೆ ಈ ನಿರ್ದೇಶನ ಮುಂದಿಟ್ಟು ಲಿಖಿತ ಉತ್ತರ ಕೇಳಿ. ಲಿಖಿತ ಎಂಬ ಮಾತಿಗೆ ಒಳ್ಳೆಯ ಪರಿಣಾಮವಿದೆ. ಅಮೆರಿಕದಲ್ಲೋ ದುಬೈಯಲ್ಲೋ ಇರುವ ಮಗ ಪ್ರತಿ ಸಹಿಗೂ ವಿಮಾನ ಹತ್ತಬೇಕಿಲ್ಲ, ದೂತಾವಾಸದಲ್ಲಿ ದೃಢೀಕರಿಸಿದ ಅಧಿಕಾರ ಪತ್ರ ಕಳಿಸಿದರೆ ಬಹುಪಾಲು ಕೆಲಸ ನಡೆಯುತ್ತದೆ.

ನಾಮಿನಿಯಾದವರು ಹಣ ನನ್ನದೇ ಎಂದುಕೊಳ್ಳುವುದು ನಮ್ಮ ಕುಟುಂಬ ಜಗಳಗಳ ಮೂಲ. ನಾಮಿನಿ ಹಣ ಪಡೆದು ವಾರಸುದಾರರಿಗೆ ಒಪ್ಪಿಸುವ ಟ್ರಸ್ಟಿ. ಸುಪ್ರೀಂ ಕೋರ್ಟು 1983ರಲ್ಲಿ ವಿಮೆಯ ಬಗ್ಗೆ, 2023ರಲ್ಲಿ ಷೇರಿನ ಬಗ್ಗೆ ಇದನ್ನೇ ಹೇಳಿದೆ. ವಿಮಾ ಕಾಯ್ದೆಗೆ 2015ರಲ್ಲಿ ಬಂದ ತಿದ್ದುಪಡಿಯ ನಂತರವೂ ವಾರಸುದಾರರ ಹಕ್ಕು ಅಳಿಯುವುದಿಲ್ಲ ಎಂದು ನಮ್ಮ ಹೈಕೋರ್ಟು 2025ರಲ್ಲಿ ತೀರ್ಪು ಕೊಟ್ಟು, ನಾಮಿನಿಯಾಗಿದ್ದ ತಾಯಿಯ ಜೊತೆ ಹೆಂಡತಿಗೂ ಮಗುವಿಗೂ ಪಾಲು ಕೊಡಿಸಿತು. ಹಿಂದೂ ಉತ್ತರಾಧಿಕಾರದಲ್ಲಿ ಗಂಡಸು ಉಯಿಲು ಬರೆಯದೆ ಸತ್ತರೆ ಹೆಂಡತಿ, ಗಂಡು ಮಕ್ಕಳು, ಹೆಣ್ಣು ಮಕ್ಕಳಷ್ಟೇ ಅಲ್ಲ, ಬದುಕಿದ್ದರೆ ಅವನ ತಾಯಿಗೂ ಸಮಪಾಲು. ಹಳ್ಳಿಯ ಮನೆಯಲ್ಲಿ ಕುಳಿತ ಅಜ್ಜಿಯನ್ನು ಈ ಲೆಕ್ಕದಲ್ಲಿ ಸೇರಿಸಿದ್ದನ್ನು ನಾನು ಕಂಡದ್ದು ಕಡಿಮೆ.

ಇನ್ನೊಂದು ಮಾತು ಹೆಣ್ಣುಮಕ್ಕಳಿಗೆ. ಹದಿಮೂರನೆಯ ದಿನ ಮುಗಿಯುವುದರೊಳಗೆ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಕೇಳುತ್ತಾರೆ. 'ಗೊತ್ತಿರುವ ಮತ್ತು ಗೊತ್ತಿಲ್ಲದ ಸಮಸ್ತ ಸ್ಥಿರ ಚರ ಸ್ವತ್ತುಗಳಲ್ಲಿ' ಎಂಬಂಥ ಒಂದು ಸಾಲು ಆ ಪತ್ರದಲ್ಲಿ ಇದ್ದೇ ಇರುತ್ತದೆ. ಒಂದು ವರ್ಷದ ಹುಡುಕಾಟದಲ್ಲಿ ಮುಂದೆ ಸಿಗಬಹುದಾದದ್ದೆಲ್ಲ ಆ ಒಂದು ಸಾಲಿನಲ್ಲಿ ಹೋಗುತ್ತದೆ. ಅಣ್ಣನ ಮೇಲೆ ಪ್ರೀತಿಯಿಂದ ಪಾಲು ಬಿಡುವುದು ನಿಮ್ಮಿಷ್ಟ, ಆದರೆ ಏನನ್ನು ಬಿಡುತ್ತಿದ್ದೀರಿ ಎಂಬ ಪಟ್ಟಿ ಕೈಗೆ ಬರುವ ಮುಂಚೆ ಸಹಿ ಹಾಕಬೇಡಿ.

ನಿಮ್ಮ ತಂದೆಯ ಹೆಸರಿನಲ್ಲಿ ಲಕ್ಷಾಂತರ ರೂಪಾಯಿ ಷೇರಿದೆ, ಇಪ್ಪತ್ತು ಪರ್ಸೆಂಟ್ ಕೊಟ್ಟರೆ ಬಿಡಿಸಿಕೊಡುತ್ತೇವೆ ಎಂಬ ಕರೆಗಳು ಈಗ ಹೆಚ್ಚಿವೆ. ಕೆಲವು ನಿಜವೂ ಇರಬಹುದು, ಏಕೆಂದರೆ ಹಣ ಪಡೆಯದವರ ಪಟ್ಟಿಯನ್ನು ಕಂಪನಿಗಳು ತಮ್ಮ ತಾಣದಲ್ಲಿ ಪ್ರಕಟಿಸುತ್ತವೆ, ಅದನ್ನು ಯಾರು ಬೇಕಾದರೂ ಓದಬಹುದು. ಅವರು ಓದಿದ್ದನ್ನು ನೀವೂ ಪುಕ್ಕಟೆ ಓದಬಹುದು. ಮುಂಗಡ ಕೇಳಿದರೆ, ಒಟಿಪಿ ಕೇಳಿದರೆ ಫೋನಿಡಿ. ಉದ್ಗಮ್ ಆಗಲಿ ಬೇರೆ ಸರ್ಕಾರಿ ತಾಣವಾಗಲಿ ಹುಡುಕಲು ಹಣ ಕೇಳುವುದಿಲ್ಲ.

ತಡವಾಯಿತೆಂದು ಹೆದರುವವರಿಗೆ ಹೇಳುವುದಾದರೆ, ರಿಸರ್ವ್ ಬ್ಯಾಂಕಿನ ನಿಧಿಗೆ ಹೋದ ಠೇವಣಿಗೆ ಗಡುವಿಲ್ಲ, ಎಷ್ಟು ವರ್ಷವಾದರೂ ಬ್ಯಾಂಕಿನ ಮೂಲಕವೇ ಕೇಳಬಹುದು. ಐಇಪಿಎಫ್ ಸೇರಿದ ಷೇರನ್ನೂ ಹಾಗೆಯೇ. ವಿಮೆಯ ಹಣ ಹತ್ತು ವರ್ಷದ ನಂತರ ಹಿರಿಯ ನಾಗರಿಕರ ಕಲ್ಯಾಣ ನಿಧಿಗೆ ಹೋಗುತ್ತದೆ, ಅಲ್ಲಿ 25 ವರ್ಷ ಕಾಯುತ್ತದೆ. ಲಾಕರ್ ಅಷ್ಟು ಕಾಯದು. ಮೂರು ವರ್ಷ ಬಾಡಿಗೆ ಬಾಕಿಯಾದರೆ ಒಡೆಯುವ ಅಧಿಕಾರ ಬ್ಯಾಂಕಿಗಿದೆ. ಎಲ್ಲಕ್ಕಿಂತ ಅವಸರದ್ದು ಕೈಸಾಲ. ಅಪ್ಪ ಯಾರಿಗೋ ಕೊಟ್ಟ ಹಣಕ್ಕೆ ಬರೆಸಿಕೊಂಡ ಪ್ರೋನೋಟಿನ ಆಯಸ್ಸು ಬರೆದ ದಿನದಿಂದ ಮೂರು ವರ್ಷ, ನಡುವೆ ಬಡ್ಡಿಯೋ ಅಸಲೋ ಕಟ್ಟಿ ಸಹಿ ಹಾಕಿದ್ದರೆ ಅಲ್ಲಿಂದ ಮತ್ತೆ ಮೂರು. ಆದ್ದರಿಂದ ಕಪಾಟು ತೆರೆದ ದಿನ ಮೊದಲು ಪ್ರೋನೋಟು ಹುಡುಕಿ, ಅದರ ತಾರೀಖು ನೋಡಿ.